ಟವರಿನಲ್ಲಿ ಕೇಳಿಸದ ಹೆಸರುಗಳು

ಬೀದರಿನ ಆಕಾಶದಲ್ಲಿ ಬೆಳಿಗ್ಗೆ ಗುಡುಗುತ್ತ ಹೋಗುವ ವಿಮಾನ ಯಾವುದೆಂದು ಕೇಳಿದರೆ ಇಲ್ಲಿಯ ಶಾಲಾ ಹುಡುಗರೂ ಥಟ್ಟನೆ ‘ಹಾಕ್’ ಎನ್ನುತ್ತಾರೆ. 2008ರಲ್ಲಿ ವಾಯುಪಡೆಗೆ ಸೇರಿದ ಈ ತರಬೇತಿ ಜೆಟ್ ಕಡತದಲ್ಲಿ ‘ಹಾಕ್ ಎಂಕೆ 132’. ಬಾಯಿಮಾತಿನಲ್ಲಿ ‘ಎಜೆಟಿ’, ಅಡ್ವಾನ್ಸ್ಡ್ ಜೆಟ್ ಟ್ರೇನರ್ ಎಂಬುದರ ಚುಟುಕು. ವಿಮಾನಗಳ ಹಾರಾಟ ನಿಯಂತ್ರಿಸುವ ಟವರಿನ ಸ್ಪೀಕರಿನಲ್ಲಿ ಮಾತ್ರ ಇವು ಯಾವುವೂ ಕೇಳಿಸುವುದಿಲ್ಲ. ಅಲ್ಲಿ ಬರುವುದು ಬೇರೆಯೇ ಒಂದು ಪದ, ಅದರ ಬೆನ್ನಿಗೆ ಒಂದು ಅಂಕಿ.

ವಾಯುಪಡೆಯ ಟವರುಗಳಲ್ಲಿ ಹೆಡ್‌ಸೆಟ್ ಹಾಕಿಕೊಂಡೇ ನೌಕರಿ ಮುಗಿಸಿದವನು ನಾನು. ಈಗ ಬೀದರಿನಲ್ಲೇ ಮನೆ. ಪಕ್ಕದ ಮನೆಯ ಕಾಲೇಜು ಹುಡುಗನೊಬ್ಬ ಮೊನ್ನೆ ಕೇಳಿದ: “ಕಾಕಾ, ಪೈಲಟ್ ತನ್ನ ಹೆಸರೇ ಹೇಳಿದ್ರ ಏನಾಗ್ತದ್ರಿ?” ಕೇಳಬೇಕಾದ ಪ್ರಶ್ನೆಯೇ. ಆಗುವುದು ಇಷ್ಟು: ಒಂದೇ ಫ್ರೀಕ್ವೆನ್ಸಿಯ ಮೇಲೆ ಹತ್ತು ಜನ ಕಾಯುತ್ತಿರುತ್ತಾರೆ. ಮಾತಾಡುವ ಗುಂಡಿ ಒತ್ತುವ ಮೊದಲೇ ಬಾಯಿ ತೆರೆದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ‘ಬಾದಲ್’ ಎಂದದ್ದು ನಮಗೆ ‘ದಲ್’ ಎಂದು ಕೇಳಿಸುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಕಿವಿಗೆ ಬರುವುದು ಕೀರಲು ಸದ್ದೊಂದೇ. ಹಾಗಾಗಿ ರೇಡಿಯೊ ಹೆಸರು ಗಿಡ್ಡ ಇರಬೇಕು, ಅರ್ಧ ಕೇಳಿಸಿದರೂ ಗುರುತು ಸಿಗಬೇಕು, ಅದೇ ಹೊತ್ತಿಗೆ ಹಾರುತ್ತಿರುವ ಇನ್ನೊಂದು ಹೆಸರಿಗೆ ಹೋಲಬಾರದು. ‘ನೈನ್’ ಎನ್ನುವುದನ್ನು ‘ನೈನರ್’ ಎಂದು ಎಳೆಯುವುದೂ ಇದಕ್ಕೇ, ‘ಫೈವ್’ ಜೊತೆ ಕಲಸಿಹೋಗಬಾರದೆಂದು. ಇನ್ನೂ ಒಂದು ಷರತ್ತಿದೆ: ಆ ಪದದಿಂದ ವಿಮಾನದ ಬಗ್ಗೆ ಏನೂ ತಿಳಿಯಬಾರದು. ಕದ್ದು ಕೇಳುವವನಿಗೆ ಅದು ಯುದ್ಧವಿಮಾನವೋ ಸಾಮಾನು ಹೊರುವುದೋ ಗೊತ್ತಾಗಬಾರದು. ನಮ್ಮ ಟವರಿನ ಪದಗಳನ್ನು ಇಲ್ಲಿ ಬರೆಯದಿರುವುದೂ ಆ ಅಭ್ಯಾಸದಿಂದಲೇ.

ಪತ್ರಿಕೆಗಳಲ್ಲಿ ಬಂದದ್ದನ್ನು ಬರೆಯಲು ಅಡ್ಡಿಯಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಿದಾಯ ಹೇಳಿದಾಗ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರೇ ಅದನ್ನು ಹಾರಿಸಿದರು. ಅವರ ಕಾಲ್‌ಸೈನ್, ಅಂದರೆ ರೇಡಿಯೊ ಹೆಸರು, ‘ಬಾದಲ್ 3’. ಒಟ್ಟಾಗಿ ಹಾರುವ ವಿಮಾನಗಳ ಸಾಲಿನ ಮುಂದಾಳು ‘ಒನ್’, ಹಿಂದಿನವರು ‘ಟು’, ‘ತ್ರೀ’, ‘ಫೋರ್’. ಚೆಕ್-ಇನ್ ವೇಳೆ, ಅಂದರೆ ರೇಡಿಯೊದಲ್ಲಿ ಹಾಜರಿ ಹೇಳುವಾಗ, ಮುಂದಾಳು ಪೂರ್ತಿ ಹೆಸರು ಹೇಳುತ್ತಾನೆ, ಉಳಿದವರು ಬರೀ ತಮ್ಮ ಅಂಕಿ. ಮುಖ್ಯಸ್ಥರಾದರೂ ಆ ದಿನ ರೇಡಿಯೊದಲ್ಲಿ ಮೂರನೆಯವರೇ. ಶಿಸ್ತಿನ ಈ ಪರಿ ನನಗೆ ಬಹಳ ಹಿಡಿಸುತ್ತದೆ.

ಅದೇ ಮಿಗ್-21ಕ್ಕೆ ಇದ್ದ ಉಳಿದ ಹೆಸರುಗಳನ್ನು ನೋಡಿ. 1963ರಲ್ಲಿ ಬಂದ ಈ ವಿಮಾನದ ಒಂದು ಮಾದರಿಗೆ ನಮ್ಮವರು ‘ತ್ರಿಶೂಲ್’ ಎಂದರು, ಇನ್ನೊಂದಕ್ಕೆ ‘ವಿಕ್ರಮ್’. ಮೇಲ್ದರ್ಜೆಗೇರಿಸಿದ ಕೊನೆಯ ಮಾದರಿ ‘ಬೈಸನ್’, ನೌಕರಿಯಲ್ಲಿದ್ದವರು ದಿನವೂ ಆಡಿದ ಹೆಸರು ಅದು. ಪಾಶ್ಚಾತ್ಯರ ಪಟ್ಟಿಯಲ್ಲಿ ‘ಫಿಶ್‌ಬೆಡ್’. ಸೋವಿಯತ್ ಪೈಲಟ್‌ಗಳು ಅದರ ತ್ರಿಕೋನ ರೆಕ್ಕೆ ನೋಡಿ ತಮ್ಮ ಜಾನಪದ ತಂತಿವಾದ್ಯ ‘ಬಲಲೈಕಾ’ದ ಹೆಸರಿಟ್ಟರು. ‘ಹಾರುವ ಶವಪೆಟ್ಟಿಗೆ’ ಹುಟ್ಟಿದ್ದು ಪತ್ರಿಕೆಗಳ ತಲೆಬರಹದಲ್ಲಿ. ಅಪಘಾತಗಳು ನಿಜ, ಜೀವಗಳು ಹೋದದ್ದೂ ನಿಜ. ಆದರೆ ಅದನ್ನು ದಿನವೂ ಸಜ್ಜುಗೊಳಿಸುತ್ತಿದ್ದ ಏರ್‌ಮನ್‌ಗಳ ಎದುರು ಆ ಮಾತು ಆಡಿದರೆ ಮುಖ ಕೆಂಪಾಗುತ್ತಿತ್ತು.

‘ಫಿಶ್‌ಬೆಡ್’ ಬಂದದ್ದು ಎಲ್ಲಿಂದ? ಶೀತಲ ಸಮರದ ಕಾಲದಲ್ಲಿ ಸೋವಿಯತ್ ವಿಮಾನಗಳ ನಿಜವಾದ ಗುರುತು ಹೊರಗಿನವರಿಗೆ ಸಿಗುತ್ತಿರಲಿಲ್ಲ. ಅದಕ್ಕೆ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಜಂಟಿ ಸಮಿತಿಯೊಂದು ತಾನೇ ನಾಮಕರಣಕ್ಕೆ ಕೂತಿತು. ಯುದ್ಧವಿಮಾನಕ್ಕೆ ‘ಎಫ್’, ಬಾಂಬರ್‌ಗೆ ‘ಬಿ’, ಸಾಗಣೆ ವಿಮಾನಕ್ಕೆ ‘ಸಿ’, ಹೆಲಿಕಾಪ್ಟರಿಗೆ ‘ಎಚ್’ ಮೊದಲಕ್ಷರ. ಪ್ರೊಪೆಲ್ಲರ್ ವಿಮಾನವಾದರೆ ಇಂಗ್ಲಿಷ್ ಉಚ್ಚಾರದಲ್ಲಿ ಒಂದೇ ತುಂಡಿನ ಪದ, ಜೆಟ್ ಆದರೆ ಎರಡು ತುಂಡಿನದು. ನಮ್ಮ ಸಾಗಣೆ ವಿಮಾನಗಳಲ್ಲಿ ಪ್ರೊಪೆಲ್ಲರಿನ ಎಎನ್-32 ‘ಕ್ಲೈನ್’ ಆದದ್ದು, ಜೆಟ್ ಆದ ಐಎಲ್-76 ‘ಕ್ಯಾಂಡಿಡ್’ ಆದದ್ದು ಹೀಗೆ. ಕಿವಿಗೆ ಬಿದ್ದ ಕೂಡಲೇ ಬರುತ್ತಿರುವುದು ಯಾವ ಜಾತಿಯದೆಂದು ಗೊತ್ತಾಗುವ ಹಾಗೆ. ಕಾಲ್‌ಸೈನ್ ಬಚ್ಚಿಡುವುದನ್ನೇ ಇದು ಬಯಲು ಮಾಡಬೇಕು.

ಇದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳಿಗೆ ಹೆಸರು ಹುಡುಕುವ ಕೆಲಸ ಫ್ರಾಂಕ್ ಮೆಕಾಯ್ ಎಂಬ ಅಮೆರಿಕನ್ ಅಧಿಕಾರಿಯ ಪಾಲಿಗೆ ಬಂದಿತ್ತು. ಟೆನೆಸ್ಸಿ ಕಡೆಯ ಆತ ಯುದ್ಧವಿಮಾನಕ್ಕೆ ಗಂಡಸರ, ಬಾಂಬರಿಗೆ ಹೆಂಗಸರ ಹೆಸರಿಟ್ಟ. ಜಗತ್ತು ‘ಝೀರೋ’ ಎನ್ನುವ ವಿಮಾನ ಆತನ ಪಟ್ಟಿಯಲ್ಲಿ ‘ಝೀಕ್’. ಬಹುಪಾಲು ಜನ ಕೊನೆವರೆಗೂ ‘ಝೀರೋ’ ಎಂದೇ ಕರೆದರು. ಮೇಲಿನವರ ಪಟ್ಟಿಗೆ ಕೆಳಗಿನವರ ಬಾಯಿ ಒಗ್ಗದ ಮೇಲೆ ಏನು ಮಾಡಲಾದೀತು?

ನಮ್ಮಲ್ಲೂ ಅದೇ ಕಥೆ. ಜಾಗ್ವಾರ್ ಯುದ್ಧವಿಮಾನಕ್ಕೆ ಇಟ್ಟ ‘ಶಂಶೇರ್’ ಕಾಗದದಲ್ಲಿದೆ, ಕರೆಯುವುದು ಜಾಗ್ವಾರ್ ಎಂದೇ. ನಲವತ್ತು ಟನ್ನಿಗೂ ಹೆಚ್ಚು ಹೊರುವ ಐಎಲ್-76ಕ್ಕೆ ‘ಗಜರಾಜ’ ಎಂದದ್ದು ಮಾತ್ರ ಹೇಳಿ ಮಾಡಿಸಿದಂತಿದೆ. ಅಮೆರಿಕದ ಎ-10 ಯುದ್ಧವಿಮಾನದ ಅಧಿಕೃತ ಹೆಸರು ‘ಥಂಡರ್‌ಬೋಲ್ಟ್ 2’; ಮೂತಿಯಲ್ಲಿ 30 ಎಂಎಂ ಗನ್ ತುರುಕಿಕೊಂಡ ಅದರ ರೂಪ ಕಂಡ ಪೈಲಟ್‌ಗಳಿಗೆ ಅದು ‘ವಾರ್ಟ್‌ಹಾಗ್’, ಅಂದರೆ ಆಫ್ರಿಕದ ಕಾಡುಹಂದಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಹ್ಯೂಯಿ’. ಅಮೆರಿಕ ಸೇನೆಯ ಆ ಹೆಲಿಕಾಪ್ಟರಿಗೆ ಅಲ್ಲಿಯ ಮೂಲನಿವಾಸಿಗಳ ನೆನಪಿನಲ್ಲಿ ‘ಇರೊಕ್ವಾಯ್’ ಎಂದು ಗಂಭೀರವಾಗಿ ಹೆಸರಿಟ್ಟಿದ್ದರು. ಮೈಮೇಲಿನ ‘ಎಚ್‌ಯು-1’ ಗುರುತನ್ನೇ ಸೈನಿಕರು ಪದವಾಗಿ ಓದಿ ‘ಹ್ಯೂಯಿ’ ಮಾಡಿದರು. 1962ರಲ್ಲಿ ಸರ್ಕಾರ ಅಕ್ಷರ ತಿರುಗಿಸಿ ‘ಯುಎಚ್-1’ ಮಾಡಿತು, ‘ಹ್ಯೂಯಿ’ ಅಲುಗಲಿಲ್ಲ. ಎಫ್-111 ಯುದ್ಧವಿಮಾನದ ಜನ ಅದಕ್ಕಿಂತ ಪುಣ್ಯವಂತರು. ಅವರು ವರ್ಷಗಟ್ಟಲೆ ಕರೆದ ‘ಆರ್ಡ್‌ವಾರ್ಕ್’ (ಉದ್ದ ಮೂತಿಯ ಆಫ್ರಿಕದ ಪ್ರಾಣಿ) ಎಂಬ ಅಡ್ಡಹೆಸರನ್ನು ಅಮೆರಿಕದ ವಾಯುಪಡೆ 1996ರಲ್ಲಿ, ವಿಮಾನ ನಿವೃತ್ತಿಯಾಗುವ ಹೊತ್ತಿಗೆ, ಅಧಿಕೃತ ಮಾಡಿತು.

ಪೈಲಟ್‌ಗಳ ಅಡ್ಡಹೆಸರಿನ ದಾರಿಯೇ ಬೇರೆ. ಅದನ್ನು ಇಡುವುದು ಜೊತೆಗಾರರು. 2025ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಅವರು ‘ಶಕ್ಸ್’, ಅಡ್ಡಹೆಸರೇ ಆದರೂ ಮರ್ಯಾದೆಯದು. ಆ ಭಾಗ್ಯ ಎಲ್ಲರಿಗೂ ಇಲ್ಲ. ಕ್ರೂ ರೂಮಿನಲ್ಲಿ ನಾನು ಕೇಳಿದ ಹೆಸರುಗಳಲ್ಲಿ ಅರ್ಧಕ್ಕರ್ಧ ಅವರವರ ಹೆಂಡತಿ ಮಕ್ಕಳ ಮುಂದೆ ಹೇಳುವಂಥವಲ್ಲ.