ಗುರುತು ಕೇಳುವ ಮುಂಚೆ

"ಪಾಸ್ಟರ್, ಈ ಸಂಬಂಧ ದೇವರ ಚಿತ್ತವೋ ಅಲ್ಲವೋ, ಪ್ರಾರ್ಥನೆ ಮಾಡಿ ಹೇಳಿ." ಸಭೆಯವರು ನನ್ನ ಹತ್ತಿರ ಜಾಸ್ತಿ ಕೇಳುವುದು ಇದನ್ನೇ. ಸಂಬಂಧದ ಬದಲು ಕೆಲವೊಮ್ಮೆ ಸೈಟು, ಕೆಲವೊಮ್ಮೆ ಗಲ್ಫ್ ವೀಸಾ. ಕೇಳುವವರ ಹತ್ತಿರ ಸಾಮಾನ್ಯವಾಗಿ ಒಂದು ಗುರುತೂ ಇರುತ್ತದೆ. ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು, ಇಲ್ಲವೇ ಕಣ್ಣು ಮುಚ್ಚಿ ಬೈಬಲ್ ತೆರೆದಾಗ ಬೆರಳು ಬಿದ್ದ ವಚನ. ಗುಡಾರ ವಿಶಾಲ ಮಾಡು ಎಂಬ ಪ್ರವಾದಿ ಯೆಶಾಯನ ಮಾತು ಕಾರ್ಡಿನಲ್ಲಿ ಬಂದರೆ ಸೈಟು ಕೊಳ್ಳಬಹುದು ಅಂತ ಲೆಕ್ಕ ಹಾಕುತ್ತಾರೆ. ಆ ಮಾತು ನೊಂದು ಚದುರಿದ ಜನರಿಗೆ ದೇವರು ಕೊಟ್ಟ ಸಮಾಧಾನ. ಅದನ್ನು ಆ ಜನರ ಕಥೆಯೊಳಗೆ ಇಟ್ಟು ಓದಬೇಕು.

"ಗಿದ್ಯೋನ ಗುರುತು ಕೇಳಲಿಲ್ವಾ?" ಎನ್ನುತ್ತಾರೆ. ಇಸ್ರಾಯೇಲ್ಯರನ್ನು ಶತ್ರುಗಳಿಂದ ಬಿಡಿಸಲು ದೇವರು ಕರೆದವನು ಗಿದ್ಯೋನ. ಅವನು ಕೇಳಿದ, ನಿಜ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅವನು ಕಣದಲ್ಲಿ ಕುರಿಯ ಉಣ್ಣೆ ಹಾಕಿ, ಇದರ ಮೇಲೆ ಮಾತ್ರ ಇಬ್ಬನಿ ಬೀಳಲಿ ಎಂದ. ಬೆಳಿಗ್ಗೆ ಎದ್ದು ನೋಡಿದರೆ ನೆಲ ಒಣಗಿತ್ತು, ಉಣ್ಣೆ ತೊಯ್ದಿತ್ತು. ಹಿಂಡಿದಾಗ ಒಂದು ಬಟ್ಟಲು ನೀರು ಬಂತು. ಮರುದಿನ ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಿರಲಿ ಎಂದ. ಹಾಗೇ ಆಯಿತು. ಆದರೆ 14ನೇ ವಚನದಲ್ಲೇ, ಹೋಗಿ ಇಸ್ರಾಯೇಲ್ಯರನ್ನು ಬಿಡಿಸು ಎಂದು ದೇವರು ಹೇಳಿಯಾಗಿತ್ತು. ಉಣ್ಣೆ ಹಾಕುವಾಗ "ನೀನು ಹೇಳಿದಂತೆ" ಎಂದು ಅವನೇ ಅನ್ನುತ್ತಾನೆ. ಚಿತ್ತ ಗೊತ್ತಿತ್ತು, ಧೈರ್ಯ ಇರಲಿಲ್ಲ. ಎರಡನೇ ಸಲ ಕೇಳುವಾಗ, ಕೋಪ ಮಾಡಿಕೊಳ್ಳಬೇಡ ಎಂದು ಬೇಡುತ್ತಾನೆ. ದೇವರು ಅವನ ಅಂಜಿಕೆಯನ್ನು ಸಹಿಸಿಕೊಂಡರು. ಎಲ್ಲರೂ ಹೀಗೇ ಮಾಡಿ ಎಂದು ಬೈಬಲ್ ಎಲ್ಲೂ ಕಲಿಸುವುದಿಲ್ಲ.

ದೇವರ ಚಿತ್ತದ ಬಹುಪಾಲು ನಮಗೆ ಈಗಾಗಲೇ ತಿಳಿದಿದೆ ಎಂದೇ ನಾನು ಎಲ್ಲರಿಗೂ ಹೇಳುವುದು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲ ಅದನ್ನು ನೇರವಾಗಿ ಹೇಳುತ್ತಾನೆ: ಪವಿತ್ರರಾಗಿ ಬಾಳಿ, ಎಲ್ಲದರಲ್ಲೂ ಕೃತಜ್ಞರಾಗಿರಿ. ಪ್ರವಾದಿ ಮೀಕನು ನ್ಯಾಯ, ಕರುಣೆ, ನಮ್ರತೆ ಎನ್ನುತ್ತಾನೆ. ಅಣ್ಣನ ಪಾಲಿನ ಜಮೀನು ಬಿಟ್ಟುಕೊಡದೆ, ಹೊಸ ಅಂಗಡಿಗೆ ದೇವರ ಚಿತ್ತ ಏನು ಅಂತ ಕೇಳಿದರೆ, ನಾನು ಮೊದಲು ಅಣ್ಣನ ವಿಷಯವನ್ನೇ ಎತ್ತುತ್ತೇನೆ.

ಉಳಿದದ್ದರಲ್ಲಿ ನಮಗೆ ಸ್ವಾತಂತ್ರ್ಯವಿದೆ. ವಿಧವೆ ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಆದರೆ ಅವನು ಕರ್ತನಲ್ಲಿರುವವನು, ಅಂದರೆ ಕ್ರಿಸ್ತನನ್ನು ನಂಬಿದವನು ಆಗಿರಬೇಕು ಎಂದು ಪೌಲ ಕೊರಿಂಥದವರಿಗೆ ಬರೆದ. ಇಷ್ಟ ಎನ್ನುವುದಕ್ಕೂ ಅಲ್ಲಿ ಜಾಗವಿದೆ, ನೋಡಿ. "ನೀನು ನನ್ನನ್ನೇ ಮದುವೆಯಾಗಬೇಕು ಅಂತ ದೇವರು ಹೇಳಿದ್ದಾರೆ" ಎಂದು ಯಾರಾದರೂ ಬಂದರೆ, ಬೇಡ ಎನ್ನಲು ಹುಡುಗಿ ಹೆದರಬೇಕಾಗಿಲ್ಲ. ಗಲ್ಫ್‌ಗೆ ಹೊರಟ ನರ್ಸ್ ಬಂದರೆ ಕೇಳುತ್ತೇನೆ: ಕರಾರು ಪೂರ್ತಿ ಓದಿದೆಯಾ ಮಗಳೇ? ಏಜೆಂಟನಿಗೆ ಕೊಡುವ ದುಡ್ಡು ಬಡ್ಡಿ ಸಾಲದ್ದಾ? ಅಮ್ಮನನ್ನು ಯಾರು ನೋಡಿಕೊಳ್ತಾರೆ? ಇವನ್ನೆಲ್ಲ ವಿಚಾರಿಸುವುದೂ ಪ್ರಾರ್ಥನೆಯಷ್ಟೇ ಭಕ್ತಿಯ ಕೆಲಸ. ಎರಡು ದಾರಿಗಳೂ ಒಳ್ಳೆಯವಾಗಿದ್ದರೆ ಒಂದನ್ನು ಆರಿಸಿಕೊಂಡು ನೆಮ್ಮದಿಯಿಂದ ನಡೆಯಬಹುದು.

ದೇವರು ವಿಶೇಷವಾಗಿ ನಡೆಸುವುದೇ ಇಲ್ಲ ಅಂತಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪವಿತ್ರಾತ್ಮನು ಪೌಲನನ್ನು ಆಸ್ಯ ಸೀಮೆಯಲ್ಲಿ ಸುವಾರ್ತೆ ಸಾರದಂತೆ ತಡೆದ, ಬಿಥೂನ್ಯಕ್ಕೂ ಬಿಡಲಿಲ್ಲ. ತ್ರೋವ ಎಂಬ ಊರಿನಲ್ಲಿ ರಾತ್ರಿ ದರ್ಶನ ಬಂತು: ಮಕೆದೋನ್ಯಕ್ಕೆ ಬಂದು ನೆರವಾಗು ಎಂದು ಒಬ್ಬ ಕರೆಯುತ್ತಿದ್ದ. ಕಂಡದ್ದು ಪೌಲ, ಆದರೆ ಹೊರಡಬೇಕೆಂದು ನಿಶ್ಚಯಿಸಿದವರು "ನಾವು". ಜೊತೆಗಿದ್ದವರೂ ಸೇರಿ ತೀರ್ಮಾನಿಸಿದರು. ಹೋದ ಊರು ಫಿಲಿಪ್ಪಿ. ಅಲ್ಲಿ ಸಿಕ್ಕಿದ್ದು ಕೋಲಿನ ಏಟು ಮತ್ತು ಸೆರೆಮನೆ. ಕಷ್ಟ ಬಂತು ಎಂದ ಮಾತ್ರಕ್ಕೆ ದಾರಿ ತಪ್ಪಿದೆವು ಎಂದಲ್ಲ.

ಹಾಗಂತ ಎಲ್ಲ ಏಟನ್ನೂ ದೇವರ ಚಿತ್ತ ಎನ್ನಬಾರದು. ಬಿಡುಗಡೆಯ ದಿನ ಪೌಲ ಸುಮ್ನೆ ಹೊರಟುಹೋಗಲಿಲ್ಲ. ರೋಮನ್ ಪ್ರಜೆಗಳಾದ ನಮ್ಮನ್ನು ವಿಚಾರಣೆಯಿಲ್ಲದೆ ಹೊಡೆಸಿದಿರಿ, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದ. ಗಂಡನಿಂದ ಪೆಟ್ಟು ತಿಂದು ಬಂದ ಹೆಂಗಸಿಗೆ "ಸಹಿಸಿಕೋ ಅಮ್ಮ, ದೇವರ ಚಿತ್ತ" ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅವಳ ಜೊತೆ ಪ್ರಾರ್ಥಿಸಿ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಲು ನೆರವಾಗಿ. ಆ ರಾತ್ರಿ ಅವಳೂ ಮಕ್ಕಳೂ ಎಲ್ಲಿ ಮಲಗುತ್ತಾರೆ ಅಂತ ವಿಚಾರಿಸಿ.