ತಪ್ಪು ಹೇಳಿಕೊಳ್ಳುವ ವಾರ್ಡುಗಳು

ಒಳ್ಳೆಯ ತಂಡ ಇದ್ದರೆ ತಪ್ಪು ಕಡಿಮೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? 1990ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಏಮಿ ಎಡ್ಮಂಡ್‌ಸನ್ ಕೂಡ ಹಾಗೇ ಅಂದುಕೊಂಡಿದ್ದರು. ಎರಡು ಆಸ್ಪತ್ರೆಗಳ 8 ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆದ ತಪ್ಪುಗಳ ಲೆಕ್ಕ ಅವರ ಮುಂದಿತ್ತು. ಯಾವ ವಾರ್ಡಿನವರು ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರೆ ಎಂಬ ಸಮೀಕ್ಷೆಯೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಾ ಉಲ್ಟಾ. ಹೊಂದಾಣಿಕೆ ಚೆನ್ನಾಗಿದ್ದ ವಾರ್ಡುಗಳಲ್ಲೇ ತಪ್ಪು ಜಾಸ್ತಿ!

ಅವರು ಈ ಲೆಕ್ಕವನ್ನು ಪಕ್ಕಕ್ಕೆ ಎಸೆಯಲಿಲ್ಲ. ಇನ್ನೊಬ್ಬ ಸಂಶೋಧಕರನ್ನು ವಾರ್ಡುಗಳಿಗೆ ಕಳಿಸಿದರು, ಅಂಕಿಗಳ ಬಗ್ಗೆ ಅವರಿಗೆ ಏನೂ ಹೇಳದೆ. ಅಲ್ಲಿ ಕಂಡದ್ದು ಇಷ್ಟು. ಕೆಲವು ವಾರ್ಡುಗಳಲ್ಲಿ ಡೋಸ್ ತಪ್ಪಿದರೆ ನರ್ಸ್ ತಕ್ಷಣ ಹೇಳುತ್ತಿದ್ದರು. ಮೇಲ್ವಿಚಾರಕಿ ಅವರ ಪರ ನಿಲ್ಲುತ್ತಿದ್ದರು. ಇನ್ನು ಕೆಲವು ಕಡೆ ತಪ್ಪು ಹೊರಬಿದ್ದರೆ ವಿಚಾರಣೆ, ಬೈಗುಳ. ಹಾಗಾಗಿ ಅಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅಂದರೆ ಹೊಂದಾಣಿಕೆ ಚೆನ್ನಾಗಿದ್ದ ವಾರ್ಡುಗಳಲ್ಲಿ ತಪ್ಪು ಹೆಚ್ಚು ಆಗುತ್ತಿತ್ತು ಅಂತಲ್ಲ, ಹೆಚ್ಚು ಬೆಳಕಿಗೆ ಬರುತ್ತಿತ್ತು. ಬೈಸಿಕೊಳ್ಳುವ ಭಯವಿಲ್ಲದೆ ಮಾತಾಡಬಹುದು ಎಂಬ ಈ ಧೈರ್ಯವನ್ನು ಎಡ್ಮಂಡ್‌ಸನ್ 1999ರ ಪ್ರಬಂಧದಲ್ಲಿ ‘ಮಾನಸಿಕ ಸುರಕ್ಷತೆ’ ಎಂದು ಕರೆದರು. ಹಾಗಾಗಿ ‘ನಮ್ಮಲ್ಲಿ ಒಂದೂ ತಪ್ಪಾಗಿಲ್ಲ’ ಅನ್ನುವ ಆಸ್ಪತ್ರೆಯ ವರದಿ ನೋಡಿದರೆ ನನಗೆ ನೆಮ್ಮದಿಗಿಂತ ಆತಂಕವೇ ಜಾಸ್ತಿ.

ಈ ಧೈರ್ಯ ಬರುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗೆ ಅಂತ, ಒಂದೊಂದಾಗಿ ನೋಡಿ ಟಿಕ್ ಹಾಕಬೇಕಾದ 19 ಅಂಶಗಳ ಪಟ್ಟಿ ಮಾಡಿದೆ. ಅದರಲ್ಲಿ ಒಂದು ತೀರಾ ಸರಳ: ಕತ್ತರಿ ಹಾಕುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. ಒಮ್ಮೆ ದನಿ ಎತ್ತಿದವರಿಗೆ ಆಮೇಲೆ ‘ಡಾಕ್ಟ್ರೇ, ಒಂದ್ನಿಮಿಷ’ ಅನ್ನುವುದು ಅಷ್ಟು ಕಷ್ಟವಾಗುವುದಿಲ್ಲ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಆದರೆ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಇದೇ ಬಗೆಯ ಪಟ್ಟಿಗಳು ಜಾರಿಯಾದ ಮೇಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಸುಮ್ನೆ ಟಿಕ್ ಹಾಕಿ ಮುಗಿಸಿದರೆ ಕಾಗದದಿಂದ ಏನೂ ಆಗದು ಅನ್ನುವುದು ನನ್ನ ಅಭಿಪ್ರಾಯ.

ಹಿರಿಯರ ನಡವಳಿಕೆಯೇ ಇಲ್ಲಿ ಮುಖ್ಯ. ಎಡ್ಮಂಡ್‌ಸನ್ ಮತ್ತು ಸಂಗಡಿಗರು ಚಿಕ್ಕ ಗಾಯದಲ್ಲೇ ಹೃದಯದ ಆಪರೇಷನ್ ಮಾಡುವ ಹೊಸ ವಿಧಾನವನ್ನು 16 ಆಸ್ಪತ್ರೆಗಳ ತಂಡಗಳು ಹೇಗೆ ಕಲಿತವು ಎಂದು ನೋಡಿದರು. ಬೇಗ ಕಲಿತ ತಂಡಗಳಿಗೆ ದೊಡ್ಡ ಹೆಸರಿನ ಆಸ್ಪತ್ರೆಯೋ ಹೆಚ್ಚು ಅನುಭವಿ ಸರ್ಜನ್ನೋ ಬೇಕಾಗಿರಲಿಲ್ಲ. ಆ ತಂಡಗಳ ಸರ್ಜನ್‌ಗಳು ಇದನ್ನು ಒಬ್ಬರೇ ಮಾಡುವ ಕೆಲಸ ಅಂದುಕೊಳ್ಳಲಿಲ್ಲ. ‘ಇದು ನನಗೂ ಹೊಸದು, ನಿಮಗೆ ಕಂಡದ್ದನ್ನು ನೀವು ಹೇಳಲೇಬೇಕು’ ಅನ್ನುವ ಧಾಟಿಯಲ್ಲಿ ನರ್ಸ್, ಅರಿವಳಿಕೆ ವೈದ್ಯರು, ಹಾರ್ಟ್-ಲಂಗ್ ಯಂತ್ರ ನೋಡಿಕೊಳ್ಳುವವರು, ಎಲ್ಲರನ್ನೂ ಮಾತಿಗೆ ಎಳೆದರು.