ದೂರದಿಂದ ಕಂಡರೂ ಗುರುತು ಸಿಗಬೇಕು

ಅಣ್ಣನ ಮಗಳು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಪರೀಕ್ಷೆ ಮುಗಿದು ರಜೆ ಸಿಕ್ಕಿತು ಅಂದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬರುತ್ತಾಳೆ. ಜೊತೆಗೆ ಒಂದು ಲ್ಯಾಪ್‌ಟಾಪ್, ಚಿತ್ರ ಬರೆಯುವ ಪೆನ್ ಟ್ಯಾಬ್ಲೆಟ್. ವಿಡಿಯೊ ಗೇಮ್‌ಗಳಿಗೆ ಪಾತ್ರ ರೂಪಿಸುವ ಕೆಲಸ ಹಿಡಿಯಬೇಕು ಅನ್ನುವುದು ಅವಳ ಆಸೆ. ಈ ಸಲ ಬಂದವಳು ಮೂರು ದಿನ ಜಗುಲಿಯಲ್ಲಿ ಕೂತು ಬರೆದಳು, ಅಳಿಸಿದಳು. ನಾಲ್ಕನೇ ದಿನ ಪೆನ್ನು ಕೆಳಗಿಟ್ಟು, "ಚಿಕ್ಕಪ್ಪ, ಎಂತ ಬರೆಯೋದು ಅಂತಾನೇ ತೋಚ್ತಾ ಇಲ್ಲ. ಎಷ್ಟು ಬರೆದ್ರೂ ಯಾವುದೋ ಗೇಮಲ್ಲಿ ನೋಡಿದ ಹಾಗೇ ಕಾಣ್ತದೆ" ಅಂದಳು.

ಚಿತ್ರ ನೋಡಿದೆ. ಕಾಡು ಕಾಯುವ ಒಬ್ಬ ವೀರ. ಮೈತುಂಬ ಕವಚ, ಕವಚದ ಮೇಲೆ ಬಳ್ಳಿಯ ಕೆತ್ತನೆ, ಒಂದೊಂದು ಎಲೆಗೂ ನೆರಳು ಬೆಳಕು. ಕೈ ಚೆನ್ನಾಗಿ ಪಳಗಿದೆ. ಆದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಆ ಕೆತ್ತನೆಯೆಲ್ಲ ಮಾಯ. ಉಳಿದದ್ದು ಮರಗಳ ನಡುವೆ ಕಂದು ಬಣ್ಣದ ಇನ್ನೊಂದು ಮರ.

ಅವತ್ತು ರಾತ್ರಿ ಊರಲ್ಲಿ ಆಟ ಇತ್ತು. ನಮ್ಮ ಕಡೆ ಆಟ ಅಂದರೆ ಯಕ್ಷಗಾನ ಅಂತಲೇ ಅರ್ಥ. "ಬಾ, ನಿನ್ನ ಆಟಕ್ಕೆ ಬೇಕಾದ್ದು ಈ ಆಟದಲ್ಲಿ ಸಿಗಬಹುದು" ಅಂತ ಕರೆದುಕೊಂಡು ಹೋದೆ. ಮುಂದೆ ಕೂರಲು ಬಿಡಲಿಲ್ಲ. ಕೊಯ್ದ ಗದ್ದೆಯ ಆಚೆ ತುದಿಯ ಅಂಚಿನ ಮೇಲೆ ಕೂತೆವು. ಅಲ್ಲಿಂದ ರಂಗಸ್ಥಳ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ವೇಷಧಾರಿಗಳ ಕಣ್ಣು ಮೂಗು ಒಂದೂ ಕಾಣುತ್ತಿರಲಿಲ್ಲ. ಒಂದೊಂದು ವೇಷ ಬಂದಾಗಲೂ "ಇದು ಯಾರು?" ಅಂತ ಕೇಳಿದೆ. ರಾಜ, ಎಳೆ ಹುಡುಗ, ರಾಕ್ಷಸ, ಹೆಣ್ಣು ವೇಷ. ಒಂದನ್ನೂ ತಪ್ಪು ಹೇಳಲಿಲ್ಲ.

ನಮ್ಮ ಕಡೆಯ ಯಕ್ಷಗಾನದ ಶೈಲಿಯಾದ ಬಡಗುತಿಟ್ಟಿನ ವೇಷವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಭುಜಕೀರ್ತಿ ಹೆಗಲನ್ನು ಎರಡೂ ಕಡೆ ಅಗಲ ಮಾಡುತ್ತದೆ. ಎದೆಕಟ್ಟು ಎದೆಯನ್ನು ಉಬ್ಬಿಸುತ್ತದೆ. ತಲೆಯ ಮೇಲೆ ತಾವರೆಯ ಎಸಳಿನಂಥ ದೊಡ್ಡ ಮುಂಡಾಸು. ಅಭಿಮನ್ಯು, ಬಬ್ರುವಾಹನನಂಥ ಎಳೆ ವೀರರಿಗೆ ಅದಕ್ಕಿಂತ ಚಿಕ್ಕದಾದ ಕೇದಗೆ ಮುಂದಲೆ. ರಾಕ್ಷಸರ ಬಣ್ಣದ ವೇಷಕ್ಕೆ ಭಾರೀ ಕಿರೀಟ. ಅದನ್ನು ಕಟ್ಟಿಕೊಂಡರೆ ಮನುಷ್ಯನೇ ಎರಡು ಪಟ್ಟು ಹಿಗ್ಗಿದ ಹಾಗೆ. ಇವರಲ್ಲಿ ಯಾರನ್ನಾದರೂ ಬಿಳಿ ಪಂಚೆಯ ಹಿಂದೆ ನಿಲ್ಲಿಸಿ, ಬೆನ್ನ ಹಿಂದೆ ದೀಪ ಹಿಡಿದು, ಬರೀ ನೆರಳು ತೋರಿಸಿದರೂ ನಮ್ಮೂರ ಮಕ್ಕಳು ಗುರುತು ಹಿಡಿಯುತ್ತಾರೆ.

ಇದರ ಹಿಂದೆ ಕಣ್ಣಿನ ಒಂದು ದೊಡ್ಡ ಮಿತಿ ಇದೆ. ತೋಳು ಪೂರ್ತಿ ಮುಂದೆ ಚಾಚಿ ಹೆಬ್ಬೆರಳ ಉಗುರು ನೋಡಿ. ಸುಮಾರು ಅಷ್ಟು ಜಾಗವನ್ನು ಮಾತ್ರ ನಮ್ಮ ಕಣ್ಣು ಒಂದು ಸಲಕ್ಕೆ ಸ್ಪಷ್ಟವಾಗಿ ನೋಡಬಲ್ಲದು. ಅಕ್ಷಿಪಟಲದ ನಡುವೆ ಒಂದು ಪುಟ್ಟ ಗುಳಿ ಇದೆ. ಬಣ್ಣ ಗುರುತಿಸುವ ಶಂಕು ಕೋಶಗಳು ಅಲ್ಲಿ ಒತ್ತೊತ್ತಾಗಿ ಕೂತಿವೆ. ಅದರ ಸುತ್ತ ಕಾಣುವುದೆಲ್ಲ ಮಸುಕು. ಇಡೀ ದೃಶ್ಯ ಸ್ಪಷ್ಟವಾಗಿದೆ ಅಂತ ನಮಗೆ ಅನ್ನಿಸುವುದು ಕಣ್ಣು ಸೆಕೆಂಡಿಗೆ ಎರಡು ಮೂರು ಸಲ ಅತ್ತಿತ್ತ ಜಿಗಿಯುತ್ತಾ ಇರುವುದರಿಂದ. ಮುಂದಿನ ಜಿಗಿತ ಎಲ್ಲಿಗೆ ಅಂತ ಮಿದುಳು ತೀರ್ಮಾನ ಮಾಡಬೇಕಲ್ವಾ? ಅದಕ್ಕೆ ಆ ಮಸುಕು ಚಿತ್ರವೇ ಆಧಾರ. ಅದರಲ್ಲಿ ಉಳಿಯುವುದು ದೊಡ್ಡ ಆಕಾರ, ಚಲನೆ, ಕಪ್ಪು ಬಿಳುಪಿನ ಗಡಿ ಇಷ್ಟೇ.

ಆ ಗಡಿಗೆ ಮಿದುಳಿನಲ್ಲಿ ಎಂಥ ಜಾಗ ಇದೆ ಅನ್ನುವುದು ಗೊತ್ತಾದ ಕಥೆ ನನಗೆ ತುಂಬಾ ಇಷ್ಟ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮಿದುಳಿನ ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಸ್ಪೀಕರಿನಲ್ಲಿ ಕೇಳುತ್ತಾ ಕೂತಿದ್ದರು. ಗಾಜಿನ ಸ್ಲೈಡ್ ಮೇಲೆ ಕಪ್ಪು ಚುಕ್ಕಿ ಇಟ್ಟು ಬೆಕ್ಕಿಗೆ ತೋರಿಸುತ್ತಿದ್ದರು. ಗಂಟೆಗಟ್ಟಲೆ ತೋರಿಸಿದರೂ ನರಕೋಶ ಸುಮ್ನೆ ಇತ್ತು. ಒಮ್ಮೆ ಸ್ಲೈಡ್ ಬದಲಾಯಿಸುವಾಗ ಅದು ಇದ್ದಕ್ಕಿದ್ದ ಹಾಗೆ ಪಟಪಟ ಸದ್ದು ಮಾಡತೊಡಗಿತು. ಅದನ್ನು ಎಬ್ಬಿಸಿದ್ದು ಚುಕ್ಕಿ ಅಲ್ಲ, ಗಾಜಿನ ಅಂಚಿನ ತೆಳ್ಳನೆ ನೆರಳು ಅಂತ ಆಮೇಲೆ ಗೊತ್ತಾಯಿತು. ದೃಷ್ಟಿಗೆ ಮೀಸಲಾದ ಮಿದುಳಿನ ಭಾಗದಲ್ಲಿ ಇಂಥಿಂಥ ಓರೆಯ ಅಂಚಿಗೆ ಮಾತ್ರ ಎಚ್ಚರಗೊಳ್ಳುವ ಕೋಶಗಳು ಇವೆ. ಒಂದಕ್ಕೆ ನೆಟ್ಟಗಿನ ಅಂಚು ಬೇಕು, ಇನ್ನೊಂದಕ್ಕೆ ಅಡ್ಡ ಅಂಚು, ಮತ್ತೊಂದಕ್ಕೆ ಓರೆ. ನೋಡುವ ಕೆಲಸ ಅಂಚು ಹುಡುಕುವುದರಿಂದ ಶುರುವಾಗುತ್ತದೆ. ಇದಕ್ಕೆ ಅವರಿಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಅದೇ 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯಲ್ಲಿ ಶಿಗೆರು ಮಿಯಾಮೊಟೊ 'ಡಾಂಕಿ ಕಾಂಗ್' ಅನ್ನುವ ಗೇಮಿಗೆ ಒಬ್ಬ ನಾಯಕನನ್ನು ಬರೆಯುತ್ತಿದ್ದರು. ಪರದೆಯ ಮೇಲೆ ಅವನಿಗೆ ಸಿಕ್ಕ ಜಾಗ ಸುಮಾರು ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ. ಚುಕ್ಕಿ ಲೆಕ್ಕ ಹಾಕಿ ರಂಗೋಲಿ ಇಟ್ಟವರಿಗೆ ಈ ಕಷ್ಟ ಬೇಗ ಅರ್ಥ ಆಗುತ್ತದೆ. ಬಾಯಿ ಬರೆಯಲು ಚುಕ್ಕಿ ಸಾಲದು, ಹಾಗಾಗಿ ದಪ್ಪ ಮೀಸೆ ಇಟ್ಟರು. ಹಾರುವಾಗ ಕೂದಲು ಅಲ್ಲಾಡುವುದನ್ನು ತೋರಿಸುವುದು ಕಷ್ಟ, ಹಾಗಾಗಿ ಟೋಪಿ. ಕೈ ಬೀಸುವುದು ಮೈಗಿಂತ ಬೇರೆಯಾಗಿ ಕಾಣಬೇಕು, ಹಾಗಾಗಿ ಹೆಗಲಿಗೆ ಪಟ್ಟಿ ಇರುವ ಪ್ಯಾಂಟು, ತೋಳಿಗೆ ಬೇರೆ ಬಣ್ಣ. ಮುಂದೆ ಜಗತ್ತೆಲ್ಲ ಮಾರಿಯೊ ಅಂತ ಕರೆದದ್ದು ಅವನನ್ನೇ. ಮೀಸೆಯಾಗಲಿ ಟೋಪಿಯಾಗಲಿ ಸೊಗಸಿಗೆ ಅಂತ ಬಂದದ್ದಲ್ಲ. ಅಷ್ಟು ಚಿಕ್ಕ ಜಾಗದಲ್ಲೂ ಕಣ್ಣಿಗೆ ಅಂಚು ಸಿಗಲಿ ಅಂತ ಬಂದದ್ದು.

ಪರದೆಗಳು ದೊಡ್ಡದಾದ ಮೇಲೂ ಲೆಕ್ಕ ಬದಲಾಗಲಿಲ್ಲ. 2007ರಲ್ಲಿ ವಾಲ್ವ್ ಕಂಪನಿಯ 'ಟೀಮ್ ಫೋರ್ಟ್ರೆಸ್ 2' ಬಂತು. ಅದರಲ್ಲಿ ಒಂಬತ್ತು ಬಗೆಯ ಪಾತ್ರಗಳು. ಎದುರಿಗೆ ಬಂದದ್ದು ಯಾರು ಅಂತ ಆಡುವವನಿಗೆ ಕಣ್ಣು ಮಿಟುಕಿಸುವುದರೊಳಗೆ ಗೊತ್ತಾಗಬೇಕು. ಅದನ್ನು ರೂಪಿಸಿದವರು ತಾವು ಮಾಡಿದ್ದೇನು ಅಂತ ಅದೇ ವರ್ಷ ಒಂದು ಪ್ರಬಂಧ ಬರೆದರು. ಮೈಯ ಹೊರಗೆರೆ ನೋಡಿದರೆ ಯಾವ ಪಾತ್ರ ಅಂತ ತಿಳಿಯಬೇಕು, ಬಣ್ಣ ನೋಡಿದರೆ ನಮ್ಮವನೋ ಎದುರಾಳಿಯೋ ಅಂತ ತಿಳಿಯಬೇಕು. ಕಾಲಿನ ಕಡೆ ಕಪ್ಪು ಜಾಸ್ತಿ ಇಟ್ಟು, ಎದೆಯ ಹತ್ತಿರ ಬೆಳಕು ಹೆಚ್ಚಿಸಿ, ಕಣ್ಣು ತಾನಾಗಿ ಕೈಯಲ್ಲಿರುವ ಆಯುಧದ ಕಡೆಗೆ ಹೋಗುವ ಹಾಗೆ ಮಾಡಿದ್ದರು. ಇಷ್ಟಕ್ಕೂ ಅವರಿಗೆ ಸ್ಫೂರ್ತಿ ಸಿಕ್ಕಿದ್ದು ಇನ್ನೊಂದು ಗೇಮಿನಿಂದ ಅಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದ ಜೆ. ಸಿ. ಲೆಯೆಂಡೆಕರ್‌ನಂಥ ಕಲಾವಿದರಿಂದ. ಆ ಗೇಮಿನವರು ತಮ್ಮ ಅಜ್ಜಂದಿರ ಕಾಲದ ಚಿತ್ರ ತೆಗೆದು ನೋಡಿದರು. ನಮ್ಮ ಅಜ್ಜಂದಿರು ರಾತ್ರಿಯಿಡೀ ಕೂತು ನೋಡಿದ್ದು ಈ ವೇಷಗಳನ್ನು.

ಬಣ್ಣದ ಬಗ್ಗೆ ಒಂದು ಮಾತು. ಈಗ ರಂಗಸ್ಥಳಕ್ಕೆ ಕರೆಂಟ್ ದೀಪ ಬಂದಿದೆ. ಈ ವೇಷಗಳು ರೂಪ ಪಡೆದ ಕಾಲದಲ್ಲಿ ಇದ್ದದ್ದು ಎಣ್ಣೆ ದೀಪ, ಪಂಜು. ಬೆಂಕಿಯ ಬೆಳಕಿನಲ್ಲಿ ನೀಲಿ ಅಂಶ ಬಹಳ ಕಡಿಮೆ. ಹಗಲಲ್ಲಿ ಚಂದ ಕಾಣುವ ನೀಲಿ ಬಟ್ಟೆ ಅಲ್ಲಿ ಕಪ್ಪಾಗಿ ಸತ್ತ ಹಾಗೆ ಕಾಣುತ್ತದೆ. ಕೆಂಪು, ಹಳದಿ ಹೊಳೆಯುತ್ತವೆ. ಬೇಗಡೆ ಹಚ್ಚಿದ ಆಭರಣ ಜ್ವಾಲೆ ಅಲ್ಲಾಡಿದಂತೆಲ್ಲ ಮಿನುಗುತ್ತದೆ. ಬಡಗಿನ ವೇಷದಲ್ಲಿ ಕೆಂಪು, ಕಪ್ಪು, ಹೊನ್ನಿನ ಬಣ್ಣಗಳೇ ಎದ್ದು ಕಾಣುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಎಂಥ ಬೆಳಕಿನಲ್ಲಿ ನೋಡುತ್ತಾರೆ ಅಂತ ತಿಳಿದವರು ಆರಿಸಿದ ಬಣ್ಣ ಅದು.

ಮಾರನೇ ದಿನ ಬೆಳಿಗ್ಗೆ ಅಡಿಕೆ ತೋಟಕ್ಕೆ ಹೋಗಿದ್ದೆವು. ಒಂದು ಮರದ ಮುಂದೆ ನಿಂತು, "ಇದರ ಮೇಲೆ ಒಬ್ಬ ಇದಾನೆ, ಹುಡುಕು" ಅಂದೆ. ಐದು ನಿಮಿಷ ಹುಡುಕಿದಳು. ಮರ ಅವಳ ಮೂಗಿನಿಂದ ಎರಡೇ ಮಾರು ದೂರ. ಕಲ್ಲುಹೂವು ಹಿಡಿದ ಬೂದು ತೊಗಟೆ, ಅದರ ಮೇಲೆ ಬೂದು ಮಚ್ಚೆ. ಏನೂ ಇಲ್ಲ ಅಂತ ಕೈ ಚೆಲ್ಲುವ ಹೊತ್ತಿಗೆ ತೊಗಟೆಯ ಒಂದು ಚೂರು ಗಂಟಲ ಕೆಳಗಿನ ಹಳದಿ ತೊಗಲನ್ನು ಬಾವುಟದ ಹಾಗೆ ಬಿಚ್ಚಿ ಮುಚ್ಚಿತು. ಹಾರುವ ಓತಿ. ಗಂಡು. ನಾವು ಇನ್ನೊಂದು ಹೆಜ್ಜೆ ಇಟ್ಟದ್ದೇ ತಡ, ಮರ ಬಿಟ್ಟು ಜಿಗಿಯಿತು. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಅರಳಿ, ನಡುವಿನ ತೊಗಲು ರೆಕ್ಕೆಯಾಯಿತು. ನಾಲ್ಕು ಮರ ಆಚೆ ಹೋಗಿ ಅಂಟಿಕೊಂಡು, ಮತ್ತೆ ತೊಗಟೆಯಾಯಿತು.

ಆ ಜೀವಿ ಮಾಡುವುದು ಗೇಮಿನ ಪಾತ್ರದ ಉಲ್ಟಾ ಕೆಲಸ. ಮೈಮೇಲಿನ ಮಚ್ಚೆಗಳು ಅದರ ಹೊರಗೆರೆಯನ್ನು ಅಲ್ಲಲ್ಲಿ ತುಂಡು ಮಾಡುತ್ತವೆ. ಮೈಯನ್ನು ಮರಕ್ಕೆ ಒತ್ತಿ ಹಿಡಿದರೆ ನೆರಳಿನ ಗೆರೆಯೂ ಅಳಿಸಿಹೋಗುತ್ತದೆ. ಹ್ಯೂಬೆಲ್, ವೀಸೆಲ್ ಕಂಡ ಆ ಅಂಚಿನ ಕೋಶಗಳಿಗೆ ಹಿಡಿಯಲು ಏನೂ ಸಿಗದ ಹಾಗೆ ಮಾಡುತ್ತದೆ. ಸಂಗಾತಿಯನ್ನು ಕರೆಯಲೋ ಎದುರಾಳಿ ಗಂಡನ್ನು ಎಚ್ಚರಿಸಲೋ ಬೇಕಾದಾಗ ಮಾತ್ರ ಹಳದಿಯ ಒಂದು ಮಿಂಚು. ಅವಳು ಮನೆಗೆ ಬಂದವಳೇ ತನ್ನ ವೀರನ ಚಿತ್ರ ತೆರೆದಳು. ಕಂದು ಮರಗಳ ಮುಂದೆ ಕಂದು ಕವಚ, ಕವಚದ ಮೇಲೆ ತೊಗಟೆಯಂಥದೇ ಕೆತ್ತನೆ. "ಚಿಕ್ಕಪ್ಪ, ನಾನು ಬರೆದದ್ದು ಇದೇ ಓತಿಯನ್ನ" ಅಂದಳು. ಅಷ್ಟು ಸರಿಯಾಗಿ ಹೇಳಲು ನನಗೂ ಆಗುತ್ತಿರಲಿಲ್ಲ.

ಸಂಜೆ ಕುಂದಾದ್ರಿ ಹತ್ತಿದೆವು. ಮೇಲಿನಿಂದ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ. ಹತ್ತಿರದ್ದು ಕಡು ಹಸಿರು, ಅದರಾಚೆಯದು ನೀಲಿ ಬೆರೆತ ಹಸಿರು, ಅದರಾಚೆ ಬರೀ ನೀಲಿ, ಕೊನೆಯದು ಆಕಾಶದ ಜೊತೆ ಸೇರಿಹೋದದ್ದು. ಮರಗಳು ಎಲ್ಲ ಬೆಟ್ಟದಲ್ಲೂ ಅವೇ. ನಡುವೆ ಇರುವ ಗಾಳಿ ಮಾತ್ರ ಬೇರೆ ಬೇರೆ. ಗಾಳಿಯ ಕಣಗಳು ಬಿಸಿಲನ್ನು ಚೆದುರಿಸುವಾಗ ಕೆಂಪಿಗಿಂತ ನೀಲಿಯನ್ನು ನಾಲ್ಕು ಪಟ್ಟಿಗೂ ಜಾಸ್ತಿ ಚೆದುರಿಸುತ್ತವೆ. ಲಾರ್ಡ್ ರ‍್ಯಾಲೆ 1871ರಲ್ಲಿ ಇದರ ಲೆಕ್ಕ ಕೊಟ್ಟರು. ದೂರ ಹೆಚ್ಚಿದಷ್ಟೂ ನಡುವಿನ ಗಾಳಿಯ ಈ ನೀಲಿ ಬೆಳಕು ಬೆಟ್ಟದ ಕಪ್ಪಿನ ಮೇಲೆ ಸೇರಿಕೊಂಡು ಅದನ್ನು ತೆಳು ಮಾಡುತ್ತದೆ. ಮಂಜಿನ ಹನಿಗಳ ಕಥೆ ಬೇರೆ. ಅವು ಬೆಳಕಿನ ಅಲೆಗಿಂತ ಎಷ್ಟೋ ದಪ್ಪ, ಎಲ್ಲ ಬಣ್ಣವನ್ನೂ ಒಂದೇ ಸಮನೆ ಚೆದುರಿಸುತ್ತವೆ. ಅದಕ್ಕೇ ಆಗುಂಬೆಯ ಮಂಜು ಬಿಳಿ.

ಡಿಜಿಟಲ್ ಚಿತ್ರದಲ್ಲಿ ಲೇಯರ್‌ಗಳು ಇರುತ್ತವೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಅವಳು ಬೆಟ್ಟದ ತುದಿಯಲ್ಲೇ ಕೂತು, ಫೋನಿನಲ್ಲಿ ಬೆಟ್ಟಗಳ ಈ ದೂರವನ್ನು ಹೇಗೆ ಮಾಡುವುದು ಅಂತ ತೋರಿಸಿದಳು. ಹಿಂದಿನ ಮರಗಳ ಲೇಯರ್ ಮೇಲೆ ತಿಳಿ ನೀಲಿಯ ಒಂದು ತೆಳು ಪದರ, ಅದಕ್ಕೂ ಹಿಂದಿನದರ ಮೇಲೆ ಇನ್ನೂ ಒಂದು. ಮುಂದೆ ನಿಂತ ಪಾತ್ರಕ್ಕೆ ಕೈ ಹಚ್ಚುವುದೇ ಬೇಡ. ಸುತ್ತಲಿನದು ಹಿಂದೆ ಸರಿದರೆ ಪಾತ್ರ ತಾನೇ ಮುಂದೆ ಬರುತ್ತದೆ.

ಇಳಿದು ಬರುವಾಗ ದುಂಡು, ಚೂಪಿನ ಮಾತು ಬಂತು. 1929ರಲ್ಲಿ ವೂಲ್ಫ್‌ಗಾಂಗ್ ಕೋಲರ್ ಎಂಬ ಮನೋವಿಜ್ಞಾನಿ ಉಬ್ಬುಉಬ್ಬಾದದ್ದೊಂದು, ಮೊನೆಮೊನೆಯಾದದ್ದೊಂದು ಹೀಗೆ ಎರಡು ಆಕಾರ ತೋರಿಸಿ, ಎರಡು ಅರ್ಥವಿಲ್ಲದ ಹೆಸರು ಕೊಟ್ಟು, ಯಾವುದು ಯಾವುದರ ಹೆಸರು ಅಂತ ಕೇಳಿದ್ದರು. 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಅದನ್ನೇ ಬೂಬಾ, ಕಿಕಿ ಅನ್ನುವ ಹೆಸರಿನಲ್ಲಿ ಮತ್ತೆ ಎತ್ತಿಕೊಂಡರು. ಇಂಗ್ಲಿಷ್ ಆಡುವವರಾಗಲಿ ತಮಿಳು ಆಡುವವರಾಗಲಿ, ಬಹುತೇಕ ಎಲ್ಲರೂ ಉಬ್ಬುಉಬ್ಬಾದದ್ದು ಬೂಬಾ, ಮೊನೆಮೊನೆಯಾದದ್ದು ಕಿಕಿ ಅಂದರು. ನಮ್ಮ ಗುಂಡು, ದುಂಡು, ಬೋಂಡ ಹೇಳಿ ನೋಡಿ. ಆಮೇಲೆ ಚೂಪು, ಚುಚ್ಚು, ಕೊಕ್ಕೆ ಹೇಳಿ. ಇದು ಪುರಾವೆ ಅಲ್ಲ, ಆದರೆ ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಕಾರಕ್ಕೆ ಸ್ವಭಾವ ಹಚ್ಚುವ ಅಭ್ಯಾಸ ಮಿದುಳಿಗೆ ಇದೆ. ಗೇಮಿನಲ್ಲಿ ಸಾಧುವಾದ ಪಾತ್ರಗಳು ದುಂಡಗೆ, ಖಳರು ಮೊನೆಮೊನೆಯಾಗಿ ಇರುವುದು ಹೆಚ್ಚು.

ಬಳ್ಳಿಗಾವಿಯ ಭೇರುಂಡೇಶ್ವರ ಕಂಬಕ್ಕೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. 1047ರಲ್ಲಿ ನಿಲ್ಲಿಸಿದ್ದು. ಮನುಷ್ಯನ ಮೈ, ಹಕ್ಕಿಯ ಎರಡು ತಲೆ, ಒಂದು ಎಡಕ್ಕೆ ಒಂದು ಬಲಕ್ಕೆ. ಗೊತ್ತಿರುವ ಎರಡು ಜೀವಿ ಸೇರಿಸಿ, ಒಮ್ಮೆ ನೋಡಿದರೆ ಮರೆಯದ ಹೊರಗೆರೆ ಕೊಟ್ಟ ಆ ಶಿಲ್ಪಿಯ ಕೆಲಸ ಸುಮಾರು ಸಾವಿರ ವರ್ಷದ ಮೇಲೂ ನಮ್ಮ ರಾಜ್ಯದ ಲಾಂಛನದಲ್ಲಿ ಮತ್ತೊಂದು ರೂಪದಲ್ಲಿ ಉಳಿದಿದೆ.

ಆ ರಾತ್ರಿ ಅವಳು ಬಣ್ಣ ಮುಟ್ಟಲಿಲ್ಲ. ಬಿಳಿ ಪರದೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಹನ್ನೆರಡು ಆಕೃತಿಗಳನ್ನು ಬರೀ ಕಪ್ಪಿನಲ್ಲಿ ಬರೆದಳು. ಕಣ್ಣಿಲ್ಲ, ಕವಚವಿಲ್ಲ, ಎಲೆಬಳ್ಳಿ ಇಲ್ಲ. ಬರೆದು ಮುಗಿಸಿ, ಒಳಗೆ ಬತ್ತಿ ಹೊಸೆಯುತ್ತಾ ಕೂತಿದ್ದ ನಮ್ಮಮ್ಮನ ಮುಂದೆ ಲ್ಯಾಪ್‌ಟಾಪ್ ಹಿಡಿದಳು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಳೆಗಾಲದೊಳಗೆ ಆಪರೇಷನ್ ಮಾಡಿಸಬೇಕು. ಈಗ ಅವರಿಗೆ ಮುಖ ಕಾಣುವುದಿಲ್ಲ. ಬಾಗಿಲಲ್ಲಿ ನಿಂತವರನ್ನು ನಿಲುವು ನೋಡಿಯೇ ಗುರುತಿಸುತ್ತಾರೆ.

"ಅಜ್ಜಿ, ಇದರಲ್ಲಿ ಯಾರ್ಯಾರು ಇದಾರೆ ಹೇಳಿ."

ಅಮ್ಮ ತುಂಬ ಹೊತ್ತು ನೋಡಿದರು. ಹನ್ನೊಂದನ್ನು ದಾಟಿ, ಕೆಳಗಿನ ಸಾಲಿನ ಕೊನೆಯದರ ಮೇಲೆ ಬೆರಳಿಟ್ಟರು. ಭುಜಕೀರ್ತಿಯ ಅಗಲದ ಹೆಗಲು, ಅಲ್ಲಿಂದ ಸೊಂಟದವರೆಗೆ ಕೊಡೆಯಂತೆ ಬಿಚ್ಚಿದ ತೊಗಲು.

"ಇವ ಎಂತ, ತೋಟದ ಓತಿ ಹಂಗೆ ರೆಕ್ಕೆ ಬಿಚ್ಚಿ ನಿಂತಿದಾನೆ? ಕಾಡು ಕಾಯೋಕೆ ನಿಲ್ಲಿಸಿದ್ಯನೆ?"

ಅವಳು ಉಳಿದ ಹನ್ನೊಂದನ್ನೂ ಅಳಿಸಿ, ಪೆನ್ನು ಎತ್ತಿಕೊಂಡಳು.